ಮೂರು ಬಂದರು, ಎರಡು ಅಳಿವೆ: ಭಟ್ಕಳ, ಹೊನ್ನಾವರ, ಕುಮಟಾ

ಮಂಗಳೂರಿನಿಂದ ಗೋವೆಯತ್ತ ಸಾಗುವ ಪ್ರಯಾಣಿಕರಿಗೆ ಭಟ್ಕಳ, ಹೊನ್ನಾವರ, ಕುಮಟಾ ಎಂಬುವು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಒಂದರ ಹಿಂದೊಂದು ಬಂದುಹೋಗುವ ಮೂರು ಊರುಗಳು. ದಕ್ಷಿಣದ ಭಟ್ಕಳಕ್ಕೂ ಉತ್ತರದ ಕುಮಟಾಕ್ಕೂ ನಡುವಿನ ಅಂತರ ಸುಮಾರು 60 ಕಿ.ಮೀ. ಮಾತ್ರ. ಉತ್ತರ ಕನ್ನಡ ಜಿಲ್ಲೆಯ ಈ ಮೂರು ತಾಲೂಕುಗಳಲ್ಲಿ 2011ರ ಜನಗಣತಿಯಂತೆ ತಲಾ ಒಂದೂವರೆ ಲಕ್ಷಕ್ಕಿಂತ ಹೆಚ್ಚು ಜನರಿದ್ದಾರೆ. ಮುರುಡೇಶ್ವರ ಮತ್ತು ಗೋಕರ್ಣಗಳನ್ನು ಬಿಟ್ಟರೆ ಹೊರಗಿನವರಿಗೆ ಇಲ್ಲಿಯ ಹೆಚ್ಚಿನ ಪರಿಚಯವಿಲ್ಲ.

ಆದರೆ ಈ ಮೂರೂ ಊರುಗಳು ಒಂದೊಂದು ಕಾಲಕ್ಕೆ ಪಶ್ಚಿಮ ಕರಾವಳಿಯ ಹೆಸರಾಂತ ಬಂದರುಗಳಾಗಿದ್ದವು. ವಿಜಯನಗರದ ಸೈನ್ಯಕ್ಕೆ ಬೇಕಾದ ಅರಬ್ಬೀ ಕುದುರೆಗಳು ಭಟ್ಕಳದಲ್ಲಿ ಇಳಿಯುತ್ತಿದ್ದವು. ಗೇರುಸೊಪ್ಪೆ ಸೀಮೆಯ ಕಾಳುಮೆಣಸು ಹೊನ್ನಾವರದಲ್ಲಿ ಹಡಗೇರುತ್ತಿತ್ತು. ಧಾರವಾಡದ ಹತ್ತಿ ಕುಮಟಾದ ಮೂಲಕ ಮುಂಬಯಿಗೆ ಹೋಗುತ್ತಿತ್ತು. ಈ ಸರಕುಗಳಲ್ಲಿ ಯಾವುದೂ ಬಂದರು ಪೇಟೆಯದಾಗಿರಲಿಲ್ಲ. ಬೇರೆಡೆಯಿಂದ ಬಂದು ಬೇರೆಡೆಗೆ ಹೋಗುವಂಥವು. ವ್ಯಾಪಾರದ ದಾರಿ ಬದಲಾದಾಗಲೆಲ್ಲ ಬಂದರು ಸೊರಗಿತು. ಪೇಟೆ ಸೊರಗಿದ ಮೇಲೂ ಜನರ ಹೊಟ್ಟೆ ಹೊರೆದದ್ದು ನದಿ ಕಡಲನ್ನು ಸೇರುವ ಅಳಿವೆ. ಶರಾವತಿಯ ಅಳಿವೆ ಹೊನ್ನಾವರದಲ್ಲಿದೆ, ಅಘನಾಶಿನಿಯದು ಕುಮಟಾ ತಾಲೂಕಿನ ತದಡಿಯಲ್ಲಿದೆ. ಈ ಎರಡು ಅಳಿವೆಗಳ ಗತಿ ಕಳೆದ ಅರ್ಧ ಶತಮಾನದಲ್ಲಿ ಬೇರೆಬೇರೆಯಾಗಿರುವುದೇ ಇಂದು ಈ ಸೀಮೆಯ ಮುಖ್ಯ ಸಂಗತಿ.

ಘಟ್ಟದಿಂದ ಇಳಿದ ಸರಕು

ಇಲ್ಲಿ ಸಹ್ಯಾದ್ರಿಯು ಕಡಲಿಗೆ ತೀರಾ ಸಮೀಪವಿದೆ. ನಡುವಿನ ಬಯಲು ಕಿರಿದು. ಭತ್ತದ ಗದ್ದೆ, ತೆಂಗು, ಅಡಕೆ ತೋಟಗಳಿಗೆ ಎಡೆಯುಂಟೇ ಹೊರತು ದೊಡ್ಡ ರಾಜ್ಯವೊಂದನ್ನು ಸಾಕುವಷ್ಟು ಭೂಮಿಯಿಲ್ಲ. ಆದ್ದರಿಂದ ಘಟ್ಟದ ದಾರಿಯು ನದಿಯ ಬಾಯಿಯನ್ನು ಮುಟ್ಟುವಲ್ಲಿ ಪೇಟೆಗಳು ಹುಟ್ಟಿದವು; ಅಲ್ಲಿ ಸುಂಕ ಎತ್ತುವವನೇ ಅರಸನಾದನು.

ಹೊನ್ನಾವರದ ಬಗೆಗಿನ ಹಳೆಯ ವರ್ಣನೆಗಳಲ್ಲಿ ಪ್ರಸಿದ್ಧವಾದುದು ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತನದು. 14ನೆಯ ಶತಮಾನದ ಮಧ್ಯಭಾಗದಲ್ಲಿ ಆತ ಇಲ್ಲಿಗೆ ಬಂದಾಗ ಜಮಾಲುದ್ದೀನ್ ಎಂಬ ಸುಲ್ತಾನನು ಊರನ್ನು ಆಳುತ್ತಿದ್ದನು. ಆ ಸುಲ್ತಾನನೂ 'ಹರ್ಯಬ್' ಎಂಬ ದೊಡ್ಡ ಅರಸನಿಗೆ ಅಧೀನನಾಗಿದ್ದನೆಂದು ಬತೂತ ಬರೆದಿದ್ದಾನೆ. ಈ ಹರ್ಯಬ್ ವಿಜಯನಗರದ ಹರಿಹರನೇ ಇರಬೇಕೆಂಬುದು ಇತಿಹಾಸಕಾರರ ಊಹೆ. ಊರಿನಲ್ಲಿ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಪಾಠಶಾಲೆಗಳನ್ನು ಕಂಡುದಾಗಿಯೂ, ಇಲ್ಲಿಯ ಹೆಂಗಸರಿಗೆ ಕುರ್‌ಆನ್ ಕಂಠಪಾಠವಾಗಿದ್ದುದಾಗಿಯೂ ಅವನು ದಾಖಲಿಸಿದ್ದಾನೆ. ಹೆಣ್ಣುಮಕ್ಕಳ ಶಾಲೆಗಳನ್ನು ಇಂತಹ ಎಣಿಕೆಯೊಂದಿಗೆ ಹೇಳುವ ಬರಹ ಆ ಕಾಲದಲ್ಲಿ ಅಪರೂಪ.

ಭಟ್ಕಳದ ಏಳಿಗೆ ವಿಜಯನಗರದೊಂದಿಗೆ ಬೆಸೆದುಕೊಂಡಿತ್ತು. ಪೋರ್ಚುಗೀಸರ ದಾಖಲೆಗಳಲ್ಲಿ 'ಬಟೆಕಲಾ' ಎಂದು ಕಾಣಿಸುವ ಈ ಬಂದರಿಗೆ ಹೊರ್ಮುಜ್ ಮೊದಲಾದ ಕಡೆಗಳಿಂದ ಕುದುರೆ ಬರುತ್ತಿತ್ತು. ಅಕ್ಕಿ, ಸಕ್ಕರೆ, ಕಬ್ಬಿಣ, ಮೆಣಸು ಹೊರಹೋಗುತ್ತಿದ್ದವು. 1502ರಲ್ಲಿ ವಾಸ್ಕೋ ಡ ಗಾಮಾ ಇಲ್ಲಿಗೆ ಬಂದು ಬಲಪ್ರಯೋಗದಿಂದ ವರ್ಷಂಪ್ರತಿ ಅಕ್ಕಿಯ ಕಪ್ಪವನ್ನು ವಿಧಿಸಿದನು. 1542ರಲ್ಲಿ ಗವರ್ನರ್ ಮಾರ್ಟಿಂ ಅಫೊನ್ಸೊ ಡಿ ಸೋಜನು ಊರನ್ನೇ ಕೊಳ್ಳೆಹೊಡೆದನು. 1565ರಲ್ಲಿ ವಿಜಯನಗರ ಕುಸಿದಾಗ ಕುದುರೆಯನ್ನು ಕೊಳ್ಳುವವರೇ ಇಲ್ಲವಾದರು.

ಆ ಸಿರಿವಂತಿಕೆಯ ಕುರುಹುಗಳು ಪಟ್ಟಣದ ಬೀದಿಗಳಲ್ಲಿ ಇಂದಿಗೂ ಕಾಣಸಿಗುತ್ತವೆ. 16ನೆಯ ಶತಮಾನದ ಕೇತಪೈ ನಾರಾಯಣ ದೇವಾಲಯವು ವ್ಯಾಪಾರಿಯೊಬ್ಬನು ಕಟ್ಟಿಸಿದ್ದು. ಅದರ ಕಲ್ಲಿನ ಗೋಡೆಗಳ ಮೇಲಿನ ರಾಮಾಯಣದ ಉಬ್ಬುಶಿಲ್ಪಗಳನ್ನು ನೋಡಲು ಅರ್ಧ ದಿನವಾದರೂ ಬೇಕು. ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿ ಅದಕ್ಕೂ ದೊಡ್ಡದು. ಮುರುಡೇಶ್ವರಕ್ಕೆ ಬರುವ ಬಸ್ಸುಗಳಲ್ಲಿ ಹೆಚ್ಚಿನವು ಇವೆರಡನ್ನೂ ಬಿಟ್ಟು ಮುಂದೆ ಹೋಗುವುದು ಬೇಸರದ ಸಂಗತಿ.

ಭಟ್ಕಳದ ಒಳನಾಡಿನಲ್ಲಿರುವ ಹಾಡುವಳ್ಳಿಗೆ ಸಂಗೀತಪುರವೆಂಬ ಹೆಸರೂ ಇತ್ತು. ಸಾಳ್ವ ಅರಸರ ಈ ಊರಿನ ಜೈನ ಮಠದ ಭಟ್ಟಾಕಲಂಕನು 1604ರಲ್ಲಿ 'ಕರ್ಣಾಟಕ ಶಬ್ದಾನುಶಾಸನ'ವನ್ನು ಪೂರೈಸಿದನು. ಕನ್ನಡದ ವ್ಯಾಕರಣವನ್ನು 592 ಸಂಸ್ಕೃತ ಸೂತ್ರಗಳಲ್ಲಿ ಕಟ್ಟಿಕೊಟ್ಟ ಕೃತಿಯದು. ಭಟ್ಕಳವೆಂಬ ಹೆಸರು ಇವನಿಂದಲೇ ಬಂದಿತೆಂದು ಹೇಳುವವರಿದ್ದಾರೆ. ಆದರೆ ಅವನಿಗಿಂತ ನೂರು ವರ್ಷ ಮೊದಲೇ ಪೋರ್ಚುಗೀಸರು ಆ ಹೆಸರನ್ನು ಬರೆದಿಟ್ಟಿರುವುದರಿಂದ ಈ ವೈಯಾಕರಣನಿಗೆ ಆ ಗೌರವ ಸಲ್ಲದು.

ಮೆಣಸಿನ ರಾಣಿ

ಶರಾವತಿಯ ದಂಡೆಯಲ್ಲಿ, ಹೊನ್ನಾವರದಿಂದ ಒಳನಾಡಿಗೆ ದೋಣಿ ಹೋಗುವಷ್ಟು ದೂರದ ತುದಿಯಲ್ಲಿ ಗೇರುಸೊಪ್ಪೆಯಿದೆ. ನಗಿರೆ, ಕ್ಷೇಮಪುರ ಎಂಬುವು ಅದರ ಹಳೆಯ ಹೆಸರುಗಳು. ಕಡಲ ದೋಣಿ ನಿಲ್ಲುವ, ಘಟ್ಟದ ಎತ್ತು ಇಳಿಯುವ ಜಾಗವೇ ರಾಜಧಾನಿಯಾಗಿದ್ದುದು ಸಹಜ. ಇಲ್ಲಿಯ ರಾಣಿ ಚೆನ್ನಭೈರಾದೇವಿ 1552ರಿಂದ 1606ರವರೆಗೆ, ಎಂದರೆ 54 ವರ್ಷ ಆಳಿದಳೆಂದು ಇತಿಹಾಸಕಾರರು ಗುರುತಿಸುತ್ತಾರೆ. ಪೋರ್ಚುಗೀಸರು ಅವಳನ್ನು 'ಮೆಣಸಿನ ರಾಣಿ' ಎಂದು ಕರೆದರು. ಮೆಣಸು ಕೊಳ್ಳಲು ಅವಳ ಸ್ನೇಹ ಬೇಕು, ಬಂದರು ಹಿಡಿಯಲು ಅವಳೊಡನೆ ಯುದ್ಧ ಬೇಕು ಎಂಬ ಇಕ್ಕಟ್ಟು ಅವರದು. 1560ರ ದಶಕದ ಕೊನೆಯಲ್ಲಿ ಅವರು ಹೊನ್ನಾವರವನ್ನು ಹಿಡಿದು ಕೋಟೆ ಕಟ್ಟಿದರಾದರೂ ಒಳನಾಡಿನ ಮೆಣಸು ರಾಣಿಯ ಕೈಯಲ್ಲೇ ಉಳಿಯಿತು.

ಅವಳನ್ನು ಸೋಲಿಸಿದವರು ಪೋರ್ಚುಗೀಸರಲ್ಲ, ನೆರೆಯ ಕೆಳದಿಯ ನಾಯಕರು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ಡೆಲ್ಲಾ ವಾಲ್ಲೆ ಗೋವೆಯ ರಾಯಭಾರಿಯೊಂದಿಗೆ ಇಕ್ಕೇರಿಗೆ ಹೋಗುವಾಗ ಹೊನ್ನಾವರದಿಂದ ಇದೇ ದಾರಿಯಲ್ಲಿ ಸಾಗಿದನು. ಅವನು ಕಂಡದ್ದು ಪಾಳುಬಿದ್ದು ಮರಗಿಡ ಬೆಳೆದ ನಗರವನ್ನು. ನಾಲ್ಕು ದಿಕ್ಕಿಗೂ ಬಾಗಿಲು ತೆರೆದ ಚತುರ್ಮುಖ ಬಸದಿಯು ನಗರಬಸ್ತಿಕೇರಿಯ ಕಾಡಿನ ನಡುವೆ ಇಂದಿಗೂ ಗಟ್ಟಿಯಾಗಿ ನಿಂತಿದೆ. ಕುಮಟಾ ತಾಲೂಕಿನ ಮಿರ್ಜಾನ್ ಕೋಟೆಯೂ ಚೆನ್ನಭೈರಾದೇವಿಯದೇ ಎಂಬುದು ಜನರ ನಂಬಿಕೆ. ಬಿಜಾಪುರದ ಅಧಿಕಾರಿಯು ಕಟ್ಟಿಸಿದನೆಂಬ ಅಭಿಪ್ರಾಯವೂ ಇದೆ.

ಕೆಳದಿಯ ಪತನದ ನಂತರ ಹೈದರಾಲಿ ಹೊನ್ನಾವರದಲ್ಲಿ ಹಡಗು ಕಟ್ಟಿಸಿದನು. 1783ರಲ್ಲಿ ಇಂಗ್ಲಿಷರು ಊರನ್ನು ಹಿಡಿದರು. ಟಿಪ್ಪುವಿನ ಸೈನ್ಯ ತಿಂಗಳುಗಟ್ಟಲೆ ಮುತ್ತಿಗೆ ಹಾಕಿತು. 1784ರ ಮಂಗಳೂರು ಒಪ್ಪಂದದಂತೆ ಊರು ಟಿಪ್ಪುವಿಗೆ ಮರಳಿತು. 1801ರಲ್ಲಿ ಈ ದಾರಿಯಲ್ಲಿ ಬಂದ ಫ್ರಾನ್ಸಿಸ್ ಬುಕನನ್ ಕಂಡದ್ದು ಹಾಳುಬಿದ್ದ ಹೊನ್ನಾವರವನ್ನೇ.

ಕುಮಟಾದಲ್ಲಿ ಬೆಳೆಯದ ಕುಮಟಾ ಹತ್ತಿ

ಇಂಗ್ಲಿಷರ ಆಳ್ವಿಕೆಯಲ್ಲಿ ಸರದಿ ಕುಮಟಾದ್ದಾಯಿತು. 19ನೆಯ ಶತಮಾನದ ನಡುಗಾಲದಲ್ಲಿ ಧಾರವಾಡ, ಹುಬ್ಬಳ್ಳಿ, ಗದಗ ಸೀಮೆಯ ಹತ್ತಿ ಎತ್ತುಗಳ ಮೇಲೆ, ಮುಂದೆ ಬಂಡಿಗಳಲ್ಲಿ ಘಟ್ಟವಿಳಿದು ಇಲ್ಲಿಗೆ ಬರುತ್ತಿತ್ತು. ಇಲ್ಲಿಂದ ಪತ್ತೇಮಾರಿಗಳಲ್ಲಿ ಮುಂಬಯಿಗೆ, ಅಲ್ಲಿಂದ ಇಂಗ್ಲೆಂಡಿನ ಗಿರಣಿಗಳಿಗೆ ಅದರ ಪಯಣ. ಕರಾವಳಿಯ ಮಳೆಗೂ ಮಣ್ಣಿಗೂ ಹತ್ತಿ ಒಗ್ಗುವುದಿಲ್ಲ. ಆದರೂ ಹಡಗೇರಿದ ಊರಿನ ಹೆಸರು ಹೊತ್ತು ಅದು ಲೋಕದ ಮಾರುಕಟ್ಟೆಯಲ್ಲಿ 'ಕುಮಟಾ ಹತ್ತಿ' ಎನಿಸಿತು. ಬೆಳೆದ ರೈತನ ಊರು ಹಿಂದೆ ಉಳಿಯಿತು. ಹತ್ತಿಯ ತಳಿಗಳ ಕುರಿತ ಬರಹಗಳಲ್ಲಿ ಆ ಹೆಸರು ಈಗಲೂ ಇದೆ.

ಅಮೆರಿಕದ ಅಂತರ್ಯುದ್ಧದಿಂದಾಗಿ 1861ರಿಂದ 1865ರವರೆಗೆ ಅಲ್ಲಿಯ ಹತ್ತಿ ಲ್ಯಾಂಕಶೈರಿಗೆ ಸಿಗದಾದಾಗ ಈ ವ್ಯಾಪಾರ ಮುಗಿಲು ಮುಟ್ಟಿತು. ಜಿಲ್ಲೆಯ ಇಂದಿನ ಗಡಿಗೂ ಹತ್ತಿಗೂ ನಂಟಿದೆ. ಮದರಾಸು ಪ್ರಾಂತ್ಯದಲ್ಲಿದ್ದ ಕೆನರಾ ಜಿಲ್ಲೆಯನ್ನು ಎರಡಾಗಿ ಒಡೆದು, 1862ರಲ್ಲಿ ಉತ್ತರ ಭಾಗವನ್ನು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಲಾಯಿತು. ಹತ್ತಿಯ ನಾಡೂ ಅದರ ಬಂದರೂ ಒಂದೇ ಪ್ರಾಂತ್ಯದಲ್ಲಿರಬೇಕೆಂಬ ವ್ಯಾಪಾರಿಗಳ ಒತ್ತಡ ಅದರ ಹಿಂದಿತ್ತು. ಹೀಗೆ ದಕ್ಷಿಣ ಕನ್ನಡದಿಂದ ಬೇರೆಯಾದ ಈ ಸೀಮೆ 1956ರಲ್ಲಿ ರಾಜ್ಯ ಪುನರ್ವಿಂಗಡಣೆಯಾಗುವವರೆಗೂ ಮುಂಬಯಿಯೊಂದಿಗೇ ಇದ್ದಿತು. ನೌಕರಿಗೆ, ಓದಿಗೆ, ಚಿಕಿತ್ಸೆಗೆ ಮುಂಬಯಿಯತ್ತ ನೋಡುವ ಅಭ್ಯಾಸ ಹಳಬರಲ್ಲಿ ಉಳಿದುದು ಅದರಿಂದಲೇ. ಕುಮಟಾ ತಾಲೂಕಿನ ಹನೇಹಳ್ಳಿಯವರಾದ ಕಥೆಗಾರ ಯಶವಂತ ಚಿತ್ತಾಲರು (1928-2014) ಮುಂಬಯಿಯಲ್ಲಿ ಬಾಳಿ ತಮ್ಮ ಹಳ್ಳಿಯನ್ನೇ ಬರೆದರು.

1880ರ ದಶಕದಲ್ಲಿ ಹುಬ್ಬಳ್ಳಿ ಸೀಮೆಗೂ ಗೋವೆಯ ಮಾರ್ಮಗೋವಾ ಬಂದರಿಗೂ ರೈಲು ಹಳಿ ಕೂಡಿಕೊಂಡಿತು. ಹತ್ತಿ ಬಂಡಿಯನ್ನು ಬಿಟ್ಟು ರೈಲನ್ನೇರಿತು. ಕುಮಟಾದ ಗೋದಾಮುಗಳು ಬರಿದಾದವು. ಕುಮಟಾಕ್ಕೂ ರೈಲು ಬಂದಿತು, ಆದರೆ ನೂರು ವರ್ಷ ತಡವಾಗಿ. ಕೊಂಕಣ ರೈಲುಮಾರ್ಗ ಪೂರ್ಣವಾಗಿ ತೆರೆದುದು 1998ರ ಜನವರಿ 26ರಂದು. ಆ ಮಾರ್ಗದ ಅತ್ಯಂತ ಉದ್ದದ ಸೇತುವೆ ಹೊನ್ನಾವರದಲ್ಲಿ ಶರಾವತಿಯ ಮೇಲಿದೆ. ಉದ್ದ 2 ಕಿ.ಮೀ.ಗಿಂತ ತುಸು ಹೆಚ್ಚು.

ಬೆಳಕು ಕೊಟ್ಟ ನದಿ

ಶರಾವತಿಯು ರಾಜ್ಯಕ್ಕೆ ಬೆಳಕು ಕೊಟ್ಟ ನದಿ ಎಂಬುದು ಶಾಲಾ ಪುಸ್ತಕದ ಮಾತು. ಜೋಗದ ಬಳಿ 1948ರಲ್ಲಿ ಜಲವಿದ್ಯುತ್ ಉತ್ಪಾದನೆ ಆರಂಭವಾಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂದಿತು. 1,035 ಮೆಗಾವಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರದಿಂದ ಹೊರಬಿದ್ದ ನೀರನ್ನೇ ಮತ್ತೆ ಹಿಡಿದು 240 ಮೆಗಾವಾಟ್ ಉತ್ಪಾದಿಸಲು ಗೇರುಸೊಪ್ಪೆಯಲ್ಲಿ ಇನ್ನೊಂದು ಅಣೆಕಟ್ಟು ಕಟ್ಟಲಾಯಿತು. ಅದು ಕೆಲಸ ಆರಂಭಿಸಿದ್ದು ಈ ಶತಮಾನದ ಮೊದಲ ವರ್ಷಗಳಲ್ಲಿ. ರಾಣಿಯ ರಾಜಧಾನಿಯ ಹೆಸರನ್ನು ಈಗ ಹೆಚ್ಚಿನವರು ಬಲ್ಲುದು ಈ ಅಣೆಕಟ್ಟಿನಿಂದ.

ಇಷ್ಟು ವಿದ್ಯುತ್ತಿನ ಬೆಲೆಯನ್ನು ಮುಳುಗಡೆಯಾದ ಮಲೆನಾಡಿನ ಹಳ್ಳಿಗಳು ತೆತ್ತವು ಎಂಬುದು ಎಲ್ಲರಿಗೂ ತಿಳಿದದ್ದು. ಕೆಳಗಿನ ಅಳಿವೆಯೂ ತೆತ್ತಿತು ಎಂಬುದು ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಅಳಿವೆಯ ಬದುಕು ನಿಂತಿರುವುದು ಸಿಹಿನೀರು ಮತ್ತು ಉಪ್ಪುನೀರಿನ ಏರಿಳಿತದ ಮೇಲೆ. ಮಳೆಗಾಲದಲ್ಲಿ ನೆರೆ ಬಂದು ನೀರು ಸಿಹಿಯಾಗಬೇಕು. ಬೇಸಗೆಯಲ್ಲಿ ಹೊಳೆ ಬಡವಾಗಿ ಕಡಲು ಒಳನುಗ್ಗಬೇಕು. ಮೀನು ಮೊಟ್ಟೆಯಿಡುವುದು, ಸ್ಥಳೀಯರು 'ಬೆಳಚು' ಎನ್ನುವ ಕಪ್ಪೆಚಿಪ್ಪು ಬಲಿಯುವುದು, ಕಾಂಡ್ಲಾ ಗಿಡ ಬೇರೂರುವುದು ಎಲ್ಲವೂ ಈ ಲಯಕ್ಕೆ ಹೊಂದಿಕೊಂಡಿವೆ. ವಿದ್ಯುದಾಗಾರವು ವರ್ಷವಿಡೀ ನೀರು ಬಿಡುವುದರಿಂದ ಶರಾವತಿಯ ಅಳಿವೆಯಲ್ಲಿ ಬೇಸಗೆಯಲ್ಲೂ ಉಪ್ಪಿನಂಶ ತಗ್ಗಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ, ಎಂ.ಡಿ. ಸುಭಾಷಚಂದ್ರನ್ ಮತ್ತು ಸಂಗಡಿಗರು ಎರಡೂ ಅಳಿವೆಗಳನ್ನು ಹೋಲಿಸಿ ನಡೆಸಿದ ಅಧ್ಯಯನಗಳಲ್ಲಿ ಮೀನಿನ ಜಾತಿಗಳಾಗಲಿ ಚಿಪ್ಪಿನ ಇಳುವರಿಯಾಗಲಿ ಅಘನಾಶಿನಿಗಿಂತ ಶರಾವತಿಯಲ್ಲಿ ಬಹಳ ಕಡಿಮೆಯೆಂದು ಕಂಡುಬಂದಿದೆ. ಎರಡು ಅಳಿವೆಗಳ ನಡುವೆ ಇರುವ ದೂರ ಬಸ್ಸಿನಲ್ಲಿ ಒಂದು ಗಂಟೆಗೂ ಕಡಿಮೆ.

ಅಣೆಕಟ್ಟಿಲ್ಲದ ನದಿ

ಅಘನಾಶಿನಿ ಶಿರಸಿಯ ಬಳಿ ಹುಟ್ಟಿ, ಸುಮಾರು 120 ಕಿ.ಮೀ. ಹರಿದು, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಯಾವ ದೊಡ್ಡ ಅಣೆಕಟ್ಟಿನ ತಡೆಯೂ ಇಲ್ಲದೆ ತದಡಿಯಲ್ಲಿ ಕಡಲು ಸೇರುತ್ತದೆ. ಪಶ್ಚಿಮಕ್ಕೆ ಹರಿಯುವ ರಾಜ್ಯದ ನದಿಗಳಲ್ಲಿ ಇಂತಹ ಭಾಗ್ಯ ಕೆಲವಕ್ಕೆ ಮಾತ್ರ.

ಇದರ ಅಳಿವೆಯು ದೊಡ್ಡದೊಂದು ಉಗ್ರಾಣ. ಇಳಿತದ ಹೊತ್ತಿನಲ್ಲಿ ಹೆಂಗಸರೂ ಗಂಡಸರೂ ಸೊಂಟಮಟ್ಟ ನೀರಿನಲ್ಲಿ ನಿಂತು ಬೆಳಚು ಹೆಕ್ಕುವುದು ಇಲ್ಲಿಯ ನಿತ್ಯನೋಟ. ಬಂಡವಾಳವೆಂದರೆ ಒಂದು ಬುಟ್ಟಿ, ಹೆಚ್ಚೆಂದರೆ ಪಾತಿದೋಣಿ. 2008ರ ಸುಮಾರಿಗೆ ನಡೆದ ಅಧ್ಯಯನದ ಪ್ರಕಾರ ಚಿಪ್ಪು ಹೆಕ್ಕುವ ಕೆಲಸವೊಂದರಿಂದಲೇ ಎರಡು ಸಾವಿರಕ್ಕೂ ಹೆಚ್ಚು ಜನರಿಗೆ ನೇರ ದುಡಿಮೆ ಸಿಗುತ್ತಿತ್ತು. ಅನಂತರದ ವರ್ಷಗಳಲ್ಲಿ ಮಿತಿಮೀರಿ ಬಗೆದುದರಿಂದ ಇಳುವರಿ ಇಳಿಯಿತು. ಉಗ್ರಾಣಕ್ಕೂ ತಳವಿದೆ.

ಸಾಣಿಕಟ್ಟಾದ ಉಪ್ಪಿನ ಗದ್ದೆಗಳಿಗೆ ಶತಮಾನಗಳ ಇತಿಹಾಸವಿದೆ. ಕಡಲನೀರನ್ನು ಪಾತಿಗಳಲ್ಲಿ ನಿಲ್ಲಿಸಿ ಬಿಸಿಲಿಗೆ ಒಣಗಿಸಿ ತೆಗೆಯುವ ಈ ಉಪ್ಪಿನ ಮಾಲೀಕರದು ಸಹಕಾರ ಸಂಘ. ಅದಕ್ಕಿಂತಲೂ ವಿಶಿಷ್ಟವಾದುದು ಗಜನಿ ಭೂಮಿಯ ಬೇಸಾಯ. ಹಿನ್ನೀರಿನ ಪಕ್ಕದ ತಗ್ಗು ಜಮೀನಿಗೆ ಒಡ್ಡು ಕಟ್ಟಿ, ತೂಬಿಗೆ ಹಲಗೆ ಹಾಕಿ, ಮಳೆಗಾಲದಲ್ಲಿ ಉಪ್ಪು ತೊಳೆದುಹೋದ ಮೇಲೆ ಬಿತ್ತುವ ಭತ್ತದ ಹೆಸರು 'ಕಗ್ಗ'. ಉಪ್ಪುನೀರನ್ನು ತಾಳಿಕೊಳ್ಳುತ್ತದೆ, ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಸಾಯುವುದಿಲ್ಲ. ಗೊಬ್ಬರ, ಔಷಧಿಯ ಖರ್ಚಿಲ್ಲ. ಕೊಯ್ಲಿನಲ್ಲಿ ತೆನೆಯನ್ನಷ್ಟೇ ಕತ್ತರಿಸಿ ಹುಲ್ಲನ್ನು ಗದ್ದೆಯಲ್ಲೇ ಬಿಡುತ್ತಾರೆ. ಬಳಿಕ ತೂಬು ತೆರೆದು ಉಬ್ಬರದ ನೀರನ್ನು ಒಳಬಿಟ್ಟರೆ ಆ ಹುಲ್ಲು ಕೊಳೆತು ಮೀನಿಗೂ, ಇಲ್ಲಿಯವರು 'ಶೆಟ್ಲಿ' ಎನ್ನುವ ಸೀಗಡಿಗೂ ಆಹಾರವಾಗುತ್ತದೆ. ಒಂದೇ ಗದ್ದೆಯಿಂದ ಅರ್ಧ ವರ್ಷ ಅನ್ನ, ಅರ್ಧ ವರ್ಷ ಮೀನು.

ಒಬ್ಬನ ಒಡ್ಡು ಒಡೆದರೆ ಎಲ್ಲರ ಗದ್ದೆಗೂ ಉಪ್ಪು ನುಗ್ಗುವುದರಿಂದ ಕಗ್ಗದ ಬೇಸಾಯಕ್ಕೆ ಊರೊಟ್ಟಿನ ಶಿಸ್ತು ಬೇಕು. 1970ರ ದಶಕದಿಂದ ಸರ್ಕಾರವೇ ಕಲ್ಲಿನ ಒಡ್ಡು ಕಟ್ಟಿಸಿದಾಗ ಆ ಹೊಣೆ ಊರವರ ಕೈತಪ್ಪಿತು. 1990ರ ದಶಕದಲ್ಲಿ ಸೀಗಡಿಗೆ ರಫ್ತು ಬೆಲೆ ಬಂದು, ಗಜನಿಗಳನ್ನು ಗುತ್ತಿಗೆಗೆ ಪಡೆದವರು ವರ್ಷವಿಡೀ ಉಪ್ಪುನೀರು ನಿಲ್ಲಿಸತೊಡಗಿದರು. 1996ರಲ್ಲಿ ಸುಪ್ರೀಂ ಕೋರ್ಟು ಕರಾವಳಿಯ ಸೀಗಡಿ ಕೆರೆಗಳಿಗೆ ಕಡಿವಾಣ ಹಾಕಿತಾದರೂ ಆ ವೇಳೆಗೆ ಬಹಳಷ್ಟು ಗಜನಿಗಳಲ್ಲಿ ಕಗ್ಗ ಕಣ್ಮರೆಯಾಗಿತ್ತು. ಮಾಣಿಕಟ್ಟಾ ಸುತ್ತಿನ ರೈತರು ಒಟ್ಟುಗೂಡಿ ಬೀಜ ಉಳಿಸಿಕೊಂಡಿದ್ದಾರೆ. ಕಡಲ ಮಟ್ಟ ಏರುತ್ತಿರುವ ಈ ಕಾಲದಲ್ಲಿ ಉಪ್ಪು ತಾಳುವ ಭತ್ತಕ್ಕಾಗಿ ಪ್ರಯೋಗಾಲಯಗಳು ಹುಡುಕಾಡುತ್ತಿರುವಾಗ ಅದರ ಬೆಲೆ ಇನ್ನಷ್ಟು ಹೆಚ್ಚಿದೆ.

2000ರ ದಶಕದ ಮಧ್ಯದಲ್ಲಿ ತದಡಿಯಲ್ಲಿ 4,000 ಮೆಗಾವಾಟ್‌ನ ಬೃಹತ್ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಪ್ರಸ್ತಾವ ಬಂದು, ಮೀನುಗಾರರೂ ರೈತರೂ ವಿಜ್ಞಾನಿಗಳೂ ವಿರೋಧಿಸಿದ ಮೇಲೆ ಕೈಬಿಡಲ್ಪಟ್ಟಿತು. ನಂತರ ಬಂದರಿನ ಪ್ರಸ್ತಾವ ಬಂದಿತು. ಕೊನೆಗೆ 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ಪ್ರದೇಶ ರಾಮ್ಸಾರ್ ಪಟ್ಟಿಗೆ ಸೇರಿ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿ ಎನಿಸಿತು. ಆದರೂ ಆತಂಕ ತೀರಿಲ್ಲ. ನದಿಯ ನೀರನ್ನು ಬಯಲುಸೀಮೆಗೆ ಒಯ್ಯುವ ಅಘನಾಶಿನಿ–ವೇದಾವತಿ ಜೋಡಣೆಯ ಪ್ರಸ್ತಾವಕ್ಕೆ 2025ರಲ್ಲಿ ಜಿಲ್ಲೆಯಲ್ಲಿ ತೀವ್ರ ವಿರೋಧ ವ್ಯಕ್ತವಾಯಿತು. ಅದೇ ವರ್ಷ ಶರಾವತಿ ಕಣಿವೆಯಲ್ಲಿ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯ ವಿರುದ್ಧವೂ ಜನ ಬೀದಿಗಿಳಿದರು.

ಅನೇಕ ಮಾತು, ಒಂದು ರಂಗಸ್ಥಳ

ಹವ್ಯಕರು, ಹಾಲಕ್ಕಿ ಒಕ್ಕಲಿಗರು, ನಾಮಧಾರಿಗಳು, ಗೌಡ ಸಾರಸ್ವತರು, ಖಾರ್ವಿಗಳು, ಹರಿಕಂತರು, ಅಂಬಿಗರು, ಮುಕ್ರಿಗಳು, ಕ್ರೈಸ್ತರು, ನವಾಯತರು, ದಾಲ್ಜಿಗಳು ಹೀಗೆ ಈ ಕಿರಿದಾದ ಬಯಲಿನ ಜನವೈವಿಧ್ಯ ದೊಡ್ಡದು. ಪೇಟೆಯಲ್ಲಿ ಒಬ್ಬನೇ ಅಂಗಡಿಕಾರ ಕನ್ನಡ, ಕೊಂಕಣಿ, ಉರ್ದು ಮೂರನ್ನೂ ಆಡುವುದು ಸಾಮಾನ್ಯ.

ಭಟ್ಕಳದ ನವಾಯತರು ಅರಬ್ ವ್ಯಾಪಾರಿಗಳ ಪೀಳಿಗೆಯವರೆಂದು ಹೇಳಿಕೊಳ್ಳುತ್ತಾರೆ. ಅವರ ಮನೆಮಾತು ನವಾಯತಿಯು ಕೊಂಕಣಿಗೆ ಹತ್ತಿರದ್ದು. ಅರಬ್ಬೀ, ಪಾರ್ಸಿ ಪದಗಳನ್ನು ಒಳಗೊಂಡು ಪಾರ್ಸಿ ಲಿಪಿಯಲ್ಲಿ ಬರೆಯಲ್ಪಡುತ್ತದೆ. ಹೊನ್ನಿನ ಕಳಶದ ಜಾಮಿಯಾ ಮಸೀದಿಗೆ ಊರವರು 'ಚಿನ್ನದ ಪಳ್ಳಿ' ಎನ್ನುತ್ತಾರೆ. ಶಾವಿಗೆ ಬಿರಿಯಾನಿ, ಭಟ್ಕಳ ಮಲ್ಲಿಗೆ ಈ ಊರಿನ ಖ್ಯಾತಿ. 1912ರಲ್ಲಿ ಸ್ಥಾಪನೆಯಾದ ತಂಜೀಂ, 1919ರ ಅಂಜುಮನ್ ಸಂಸ್ಥೆಗಳು ನೂರು ವರ್ಷ ದಾಟಿವೆ. ನವಾಯತರು ಹಿಂದೆ ಮದರಾಸು, ಕಲ್ಕತ್ತ, ಕೊಲಂಬೊಗಳಲ್ಲಿ ಅಂಗಡಿಯಿಟ್ಟರು. 1970ರ ದಶಕದಿಂದ ದುಬೈ, ಸೌದಿಗಳತ್ತ ಹೊರಟರು. ಕುದುರೆ ತಂದ ಕಡಲದಾರಿಯಲ್ಲಿ ಈಗ ಹಣ ಬರುತ್ತಿದೆ. ಪಟ್ಟಣದ ಶಾಲೆ, ಕಾಲೇಜು, ಮಳಿಗೆಗಳಲ್ಲಿ ಅದರ ಪಾಲು ಎದ್ದುಕಾಣುತ್ತದೆ.

ಈ ಊರಿನ ಹೆಸರು ರಾಜ್ಯದ ಓದುಗರಿಗೆ ಬೇರೆ ಕಾರಣಕ್ಕೂ ಪರಿಚಿತ. 1993ರಲ್ಲಿ ತಿಂಗಳುಗಟ್ಟಲೆ ಕೋಮುಗಲಭೆ ನಡೆಯಿತು. ನ್ಯಾಯಮೂರ್ತಿ ಜಗನ್ನಾಥ ಶೆಟ್ಟಿ ಆಯೋಗ ತನಿಖೆ ನಡೆಸಿತು. 1996ರಲ್ಲಿ ಶಾಸಕ ಡಾ. ಯು. ಚಿತ್ತರಂಜನ್ ಅವರ ಹತ್ಯೆಯಾಯಿತು. ಮುಂದೆ ಭಯೋತ್ಪಾದನೆಯ ಪ್ರಕರಣಗಳ ಕೆಲವು ಆರೋಪಿಗಳ ಹೆಸರಿನ ಜೊತೆಗೆ ಊರಿನ ಹೆಸರೂ ಪತ್ರಿಕೆಗಳಲ್ಲಿ ಅಚ್ಚಾಯಿತು. ಹೊರ ಊರುಗಳಲ್ಲಿ ಬಾಡಿಗೆ ಮನೆ ಹುಡುಕುವ ಭಟ್ಕಳದ ಹುಡುಗರಿಗೆ ಇದರ ಬಿಸಿ ತಟ್ಟಿದೆ. ರಾಮನವಮಿಗೆ ಚನ್ನಪಟ್ಟಣ ಹನುಮಂತ ದೇವರ ತೇರು ಎಳೆಯುವ ಮುನ್ನ ಮೆರವಣಿಗೆಯಲ್ಲಿ ಹೋಗಿ ಮುಸ್ಲಿಂ ಮನೆತನವನ್ನು ಆಹ್ವಾನಿಸುವ ಹಳೆಯ ಪದ್ಧತಿ ಇದೇ ಊರಿನದು. ಅದು ಅಷ್ಟು ದೊಡ್ಡ ಅಕ್ಷರದಲ್ಲಿ ಅಚ್ಚಾಗುವುದಿಲ್ಲ.

ರಾವಣನ ಕೈಯಿಂದ ಆತ್ಮಲಿಂಗ ಜಾರಿದ ಕಥೆಗೆ ಸಂಬಂಧಿಸಿದ ಐದು ಕ್ಷೇತ್ರಗಳಲ್ಲಿ ನಾಲ್ಕು ಈ ಮೂರು ತಾಲೂಕುಗಳಲ್ಲೇ ಇವೆ: ಭಟ್ಕಳದ ಮುರುಡೇಶ್ವರ, ಹೊನ್ನಾವರದ ಗುಣವಂತೆ, ಕುಮಟಾದ ಧಾರೇಶ್ವರ ಮತ್ತು ಗೋಕರ್ಣ. ಇವುಗಳಲ್ಲಿ ಪುಟ್ಟದಾದ ಗುಣವಂತೆಗೆ ಇನ್ನೊಂದು ಕೀರ್ತಿಯುಂಟು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯ ನೆಲೆ ಅದು. ಅವರ ಮಗ ಶಂಭು ಹೆಗಡೆಯವರು ಅಭಿನಯದ ಸಂಯಮಕ್ಕೆ ಹೆಸರಾದರು. 2009ರ ಫೆಬ್ರವರಿಯಲ್ಲಿ ಇಡಗುಂಜಿಯಲ್ಲಿ ವೇಷದಲ್ಲಿದ್ದಾಗಲೇ ಅಸ್ವಸ್ಥರಾಗಿ ಅವರು ತೀರಿಕೊಂಡರು. ಇದೇ ತಾಲೂಕಿನ ಚಿಟ್ಟಾಣಿ ರಾಮಚಂದ್ರ ಹೆಗಡೆಯವರದು (1933-2017) ಮೈಯೆಲ್ಲ ಮಾತಾಡುವ ಕುಣಿತ. 2012ರಲ್ಲಿ ಅವರಿಗೆ ದೊರೆತ ಪದ್ಮಶ್ರೀ ಯಕ್ಷಗಾನ ಕಲಾವಿದರಿಗೆ ಸಂದ ಮೊದಲನೆಯದು. ಕೆರೆಮನೆಯೋ ಚಿಟ್ಟಾಣಿಯೋ ಎಂಬ ವಾದ ಈ ಭಾಗದ ಚಹಾದಂಗಡಿಗಳಲ್ಲಿ ಇನ್ನೂ ಬಗೆಹರಿದಿಲ್ಲ. ಕುಮಟಾ, ಹೊನ್ನಾವರದ ಗುಡಿಗಾರರ ಗಂಧದ ಕೆತ್ತನೆಗೂ ಒಂದು ಕಾಲದಲ್ಲಿ ದೇಶದ ಹೊರಗೆ ಬೇಡಿಕೆಯಿತ್ತು.

ಪ್ರವಾಸಿಗಳು ಬರುವ ದಾರಿ, ರೋಗಿಗಳು ಹೋಗುವ ದಾರಿ

ಉದ್ಯಮಿ ಆರ್.ಎನ್. ಶೆಟ್ಟಿಯವರು ಕಟ್ಟಿಸಿದ 123 ಅಡಿ ಎತ್ತರದ ಶಿವನ ವಿಗ್ರಹ ಹಾಗೂ 2008ರಲ್ಲಿ ಪೂರ್ಣಗೊಂಡ ಅಂತಸ್ತು ಅಂತಸ್ತಿನ ರಾಜಗೋಪುರದಿಂದ ಮುರುಡೇಶ್ವರ ಮೀನುಗಾರರ ಹಳ್ಳಿಯಿಂದ ಯಾತ್ರಾಸ್ಥಳವಾಗಿ ಬೆಳೆಯಿತು. ಅಲ್ಲಿಂದ ನೇತ್ರಾಣಿ ದ್ವೀಪಕ್ಕೆ ನೀರೊಳಗಿನ ಈಜಿಗಾಗಿ ಯುವಕರು ಹೋಗುತ್ತಾರೆ. ಗೋಕರ್ಣಕ್ಕೆ ಯಾತ್ರಿಕರೂ ವಿದೇಶೀಯರೂ ಒಟ್ಟಿಗೇ ಬರುತ್ತಾರೆ. ಹೊನ್ನಾವರದ ಕಾಸರಕೋಡು ಕಡಲತೀರಕ್ಕೆ 2020ರಲ್ಲಿ 'ನೀಲಿ ಧ್ವಜ' ಮನ್ನಣೆ ದೊರೆಯಿತು. ಬೇಸಗೆಯಲ್ಲಿ ಹೆದ್ದಾರಿಯ ಬದಿ ಜಡೆಯಂತೆ ಹೆಣೆದು ತೂಗುಹಾಕಿದ ಕುಮಟಾದ ಸಿಹಿ ಈರುಳ್ಳಿಯನ್ನು ಕೊಳ್ಳದೆ ಹೋಗುವ ಕಾರುಗಳು ಕಡಿಮೆ. ಹೊನ್ನಾವರದ ವೀಳ್ಯದೆಲೆ ಉತ್ತರ ಭಾರತದ ಮಾರುಕಟ್ಟೆಗಳವರೆಗೆ ಹೋಗುತ್ತದೆ.

ಇಷ್ಟು ಜನ ಬಂದುಹೋಗುವ ಸೀಮೆಯಲ್ಲಿ ಸುಸಜ್ಜಿತ ಆಸ್ಪತ್ರೆಗಾಗಿ ಜನ ವರ್ಷಗಳಿಂದ ಕೇಳುತ್ತಿದ್ದಾರೆ. ತಲೆಗೆ ಪೆಟ್ಟಾದರೆ, ಹೃದಯಕ್ಕೆ ತೊಂದರೆಯಾದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಇಲ್ಲವೇ ಗೋವೆಗೆ ಓಡಬೇಕು. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಉಡುಪಿ ಜಿಲ್ಲೆಯ ಶಿರೂರು ಟೋಲ್ ಕಟ್ಟೆಗೆ ಅಪ್ಪಳಿಸಿ ನಾಲ್ವರು ಸತ್ತಾಗ ಆ ಬೇಡಿಕೆ ರಾಜ್ಯಕ್ಕೆಲ್ಲ ಕೇಳಿಸಿತು. ಹೊನ್ನಾವರಕ್ಕೆ ಸ್ವಂತ ವಿಧಾನಸಭಾ ಕ್ಷೇತ್ರವೂ ಇಲ್ಲ. ತಾಲೂಕು ಭಟ್ಕಳ, ಕುಮಟಾ ಕ್ಷೇತ್ರಗಳ ನಡುವೆ ಹಂಚಿಹೋಗಿದೆ. ಅದೇ ವರ್ಷದ ಆಗಸ್ಟ್ ಆರಂಭದಲ್ಲಿ ಭಟ್ಕಳದಲ್ಲಿ ಒಂದೇ ದಿನ 50 ಸೆಂ.ಮೀ.ಗೂ ಮಿಕ್ಕಿ ಮಳೆ ಸುರಿದು ಮುಟ್ಟಳ್ಳಿಯಲ್ಲಿ ಮನೆಯ ಮೇಲೆ ಗುಡ್ಡ ಕುಸಿದು ನಾಲ್ವರು ಮೃತಪಟ್ಟರು.

ಮತ್ತೆ ಬಂದರು

ಮೀನುಗಾರಿಕೆ ಈ ಕರಾವಳಿಯ ದೊಡ್ಡ ದುಡಿಮೆ. ಊರಿಗೆ ಊರೇ ಕೂಡಿ ಎಳೆಯುತ್ತಿದ್ದ ರಂಪಣಿ ಬಲೆಯ ಕಾಲ 1970ರ ದಶಕದ ಕೊನೆಯಲ್ಲಿ ಪರ್ಸೀನ್ ಬೋಟುಗಳು ಬಂದ ಮೇಲೆ ಮುಗಿಯಿತು. ಈಗ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ನಿಷೇಧವಿದೆ. ಆ ದಿನಗಳಲ್ಲಿ ಮನೆ ನಡೆಸುವುದು ಬೇಸಗೆಯಲ್ಲಿ ಹೆಂಗಸರು ಮರಳಿನ ಮೇಲೆ ಹರಡಿ ಒಣಗಿಸಿಟ್ಟ ಬಂಗಡೆ, ತಾರ್ಲೆ.

ಹಾಗೆ ಮೀನು ಒಣಗಿಸುವ ಮುಖ್ಯ ಜಾಗಗಳಲ್ಲಿ ಒಂದು ಶರಾವತಿಯ ಬಾಯಿಯಲ್ಲಿರುವ ಕಾಸರಕೋಡಿನ ಟೊಂಕ. ಅಲ್ಲಿಯೇ ಖಾಸಗಿ ಸಹಭಾಗಿತ್ವದ ವಾಣಿಜ್ಯ ಬಂದರಿಗೆ ಸರ್ಕಾರ ಜಾಗ ಗುತ್ತಿಗೆಗೆ ಕೊಟ್ಟಿದೆ. ಘಟ್ಟದ ಮೇಲಿನ ಸರಕಿಗೆ ಹತ್ತಿರದ ಬಂದರು ಬೇಕು, ಉದ್ಯೋಗ ಬೇಕು ಎಂಬುದು ಯೋಜನೆಯ ಪರವಾದ ವಾದ. ಹುಬ್ಬಳ್ಳಿಯ ವ್ಯಾಪಾರಿಗಳು 160 ವರ್ಷಗಳ ಹಿಂದೆ ಹೇಳಿದ್ದೂ ಬಹುತೇಕ ಇದನ್ನೇ. ಬಂದರಿನ ರಸ್ತೆ ಮೀನು ಒಣಗಿಸುವ ಮರಳನ್ನೇ ಸೀಳಿ ಹೋಗುತ್ತದೆ, ಕಡಲಾಮೆಗಳು ಮೊಟ್ಟೆಯಿಡುವ ದಂಡೆ ಹಾಳಾಗುತ್ತದೆ, ದೋಣಿಗಳಿಗೆ ಅಳಿವೆಯ ದಾರಿ ತಪ್ಪುತ್ತದೆ ಎಂಬುದು ಮೀನುಗಾರರ ಆಕ್ಷೇಪ. ವಿವಾದ ಹೈಕೋರ್ಟಿನ ಮೆಟ್ಟಿಲನ್ನೂ ಏರಿದೆ. 2022ರಿಂದೀಚೆಗೆ ಪದೇಪದೇ ಪ್ರತಿಭಟನೆ, ಬಂಧನಗಳು ನಡೆದಿವೆ. 2025ರ ಫೆಬ್ರವರಿಯಲ್ಲಿ ಉಬ್ಬರದ ಗೆರೆ ಗುರುತಿಸಲು ಸಮೀಕ್ಷೆಗೆ ಅಧಿಕಾರಿಗಳು ಬಂದಾಗ, ನಿಷೇಧಾಜ್ಞೆಯ ನಡುವೆಯೇ ಟೊಂಕದ ಹೆಂಗಸರು ಕಡಲಿಗಿಳಿದು ನಿಂತರು.